ಅಕ್ಕನ ಕಂತು

ಸಾಲ ತೀರಿದ ದಿನ ಮನೆಮಂದಿಯೆಲ್ಲ ನಗುತ್ತಾರೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅವತ್ತು ನಕ್ಕವಳು ಸಾಲ ಕೊಟ್ಟವಳೊಬ್ಬಳೇ.

ಸಾಲ ಕೊಟ್ಟವಳು ನನ್ನ ಸ್ವಂತ ಅಕ್ಕ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋಗಲಿಲ್ಲ, ಗಲ್ಲಾದಲ್ಲಿ ಬಿಡಿಗಾಸಿನ ಹೆಚ್ಚುಕಮ್ಮಿ ಮಾಡಲಿಲ್ಲ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುವವಳು. ನಮ್ಮ ಯಜಮಾನರು ಹಿತ್ತಾಳೆ ತಗಡಿನ ಮೇಲೆ ಅಕ್ಷರ ಕೊರೆಯುವವರು. ಬಾಗಿಲಿಗೆ ಹಾಕುವ ಹೆಸರಿನ ಫಲಕ, ಬಹುಮಾನದ ಕಪ್ಪು, ಆಫೀಸಿನ ಬೋರ್ಡು, ಇಂಥವು. ಅವರ ಪಾಲುದಾರ ಗಿರಾಕಿಗಳ ಮುಂಗಡವನ್ನೆಲ್ಲ ಬಾಚಿಕೊಂಡು ಪರಾರಿಯಾದಾಗ ಜನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅಕ್ಕ ತನ್ನ ನಿವೃತ್ತಿಯ ಹಣದಲ್ಲಿ ಅಷ್ಟೂ ಬಾಯಿ ಮುಚ್ಚಿಸಿದಳು.

"ಪುಕ್ಕಟೆ ಬೇಡ ಅಕ್ಕ, ಸಾಲ ಅಂತಲೇ ಕೊಡಿ" ಎಂದವರು ನಮ್ಮವರೇ.

"ಹಾಗಾದ್ರೆ ತಿಂಗಳು ತಿಂಗಳೂ ಒಂದನೇ ತಾರೀಕು ಬರ್ತೀನಿ" ಎಂದಳು ಅಕ್ಕ. ಬಂದಳು ಕೂಡ. ಪ್ರತಿ ತಿಂಗಳೂ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೆರಳು ಒದ್ದೆ ಮಾಡಿಕೊಂಡು ನೋಟುಗಳನ್ನು ಎರಡೆರಡು ಸಲ ಎಣಿಸಿ, "ಸರಿಯಿದೆ" ಎಂದು ಪರ್ಸಿನ ಜಿಪ್ ಎಳೆದುಕೊಂಡು ಹೋಗುತ್ತಿದ್ದಳು.

ಹೊಟ್ಟೆಬಟ್ಟೆ ಕಟ್ಟಿ ತೀರಿಸಿದೆವು. ಇಸ್ತ್ರಿ ಅಂಗಡಿಯಲ್ಲಿ ನಾನು ದಿನವಿಡೀ ನಿಂತು ದುಡಿದದ್ದು ಮನೆಗೆ, ಅವರು ಕೂತು ಕೊರೆದದ್ದು ಅಕ್ಕನಿಗೆ. ಟೀಗೆ ಹಾಲು ಹಾಕುವುದನ್ನು ಬಿಟ್ಟೆವು, ಆಮೇಲೆ ಸಕ್ಕರೆ ಬಿಟ್ಟೆವು, ಆಮೇಲೆ ಅದನ್ನು ಟೀ ಎನ್ನುವುದನ್ನೇ ಬಿಟ್ಟೆವು. ಸವೆದ ಸೋಪಿನ ಚೂರುಗಳನ್ನೆಲ್ಲ ಒತ್ತಿ ಉಂಡೆ ಮಾಡಿ ಮತ್ತೊಂದು ವಾರ ತಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ದೀಪ ಹಾಕಿದರೆ ಕೋಣೆಯಲ್ಲಿ ಆರಿಸಲೇಬೇಕು.

"ನೀನು ಹಣಕಾಸು ಮಂತ್ರಿ ಆಗಬೇಕಿತ್ತು ಕಣೇ" ಎಂದು ನಮ್ಮವರು ರೇಗಿಸುತ್ತಿದ್ದರು.

"ಆಗಿದ್ರೆ ಮೊದಲು ನಿಮ್ಮನ್ನೇ ಕಡಿತ ಮಾಡ್ತಿದ್ದೆ" ಎನ್ನುತ್ತಿದ್ದೆ.

ಇಷ್ಟೇ ಆಗಿದ್ದರೆ ಇದನ್ನು ಹೇಳಿಕೊಂಡು ಕೂರುತ್ತಿರಲಿಲ್ಲ. ಹಾಲು ಸಕ್ಕರೆ ಬಿಟ್ಟವರು ನಾವೇ ಮೊದಲಿಗರಲ್ಲ. ಆದರೆ ಮೂರನೆಯ ವರ್ಷ ನಮ್ಮವರ ಎಡಗಣ್ಣು ಮಂಜಾಯಿತು. ಕಣ್ಣಿನೊಳಗೆ ಒತ್ತಡ ಏರಿದೆ, ಆದಷ್ಟು ಬೇಗ ಆಪರೇಷನ್ ಮಾಡಿಸಿ, ಹೋದ ದೃಷ್ಟಿ ಮತ್ತೆ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ಖರ್ಚು ನಮ್ಮ ಆರು ತಿಂಗಳ ಕಂತಿನಷ್ಟಿತ್ತು. ಬಸ್ಸಿನಲ್ಲಿ ಬರುವಾಗ ನಮ್ಮವರು ನನ್ನ ಕೈ ಹಿಡಿದು, "ಯಾರಿಗೂ ಹೇಳಬೇಡ. ಕಣ್ಣು ಕಾಣದವನ ಕೈಗೆ ಯಾರು ತಗಡು ಕೊಡ್ತಾರೆ?" ಎಂದರು. ಅಕ್ಕನಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡರು.

ಆ ಒಂದನೇ ತಾರೀಕು ಅಕ್ಕ ಬಂದಾಗ ನಾನು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದೆ. "ಅಕ್ಕ, ಮನೇಲಿ ಸ್ವಲ್ಪ ಖರ್ಚಿದೆ. ಒಂದಾರು ತಿಂಗಳು ಕಂತು ಬಿಡ್ತೀಯಾ? ಆಮೇಲೆ ಎಲ್ಲ ಸೇರಿಸಿ ಕೊಡ್ತೀವಿ."

ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. "ಬೇಡ ಪುಟ್ಟಿ. ಒಂದು ಸಲ ತಪ್ಪಿಸಿದ್ರೆ ಅದೇ ರೂಢಿಯಾಗತ್ತೆ. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು."

ಅವಳ ಪಾಲಿಗೂ ಅದು ಮುದಿವಯಸ್ಸಿನ ಗಂಟು, ಆಕೆಗೂ ಬೇಕಲ್ಲ ಎಂದು ಸುಮ್ಮನಾದೆ. ದುಡ್ಡು ಅಲ್ಲಿ ಇಲ್ಲಿ ಹೊಂದಿಸಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ ಕೈ ಚೆಲ್ಲಿದರು. ಎಡಗಣ್ಣು ಹೋಗಿತ್ತು. ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ, ಅಕ್ಕನಿಗೆ ಹೇಳಿದೆ. ಅವಳು ಒಂದು ಚೀಲ ಹಣ್ಣು ತಂದಳು, ಅವರ ಭುಜ ತಟ್ಟಿದಳು, ಕಣ್ಣು ಒರೆಸಿಕೊಂಡಳು. ಮುಂದಿನ ಒಂದನೇ ತಾರೀಕು ಬಂದು ಕಂತು ಎಣಿಸಿಕೊಂಡು ಹೋದಳು.

ಅಂತೂ ಕೊನೆಯ ಕಂತಿನ ದಿನ ಬಂತು. ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಅಪರೂಪಕ್ಕೆ ಹಾಲು ಸಕ್ಕರೆ ಎರಡನ್ನೂ ಹಾಕಿ ಟೀ ಮಾಡಿದ್ದೆ. ಅಕ್ಕ ಎರಡು ಸಲ ಎಣಿಸಿ "ಸರಿಯಿದೆ" ಎಂದಳು. ಆದರೆ ಹಣವನ್ನು ಪರ್ಸಿಗೆ ಹಾಕಿಕೊಳ್ಳಲಿಲ್ಲ. ಕಾಲ ಬಳಿ ಇಟ್ಟಿದ್ದ ಬಟ್ಟೆ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟು, ಕಂತನ್ನೂ ಅದರೊಳಗೇ ತುರುಕಿ, ಚೀಲದ ಬಾಯಿ ಅಗಲಿಸಿದಳು. ಒಳಗೆ ಬರೀ ನೋಟಿನ ಕಟ್ಟುಗಳು.

"ಎಲ್ಲ ನಿಮ್ಮದೇ" ಎಂದಳು. ಮುಖವೆಲ್ಲ ನಗು. "ಮೊದಲ ತಿಂಗಳಿಂದ ಇವತ್ತಿನವರೆಗೂ ಒಂದು ಕಾಸು ಮುಟ್ಟಿಲ್ಲ. ನನಗೆ ಪೆನ್ಷನ್ ಸಾಕು, ಈ ದುಡ್ಡು ತಗೊಂಡು ಏನ್ ಮಾಡ್ಲಿ? ಸುಮ್ನೆ ಕೊಟ್ರೆ ಇವರು ತಗೋತಿರಲಿಲ್ಲ. ನಿಮ್ಮ ಕೈಲೇ ಉಳಿತಾಯ ಮಾಡಿಸ್ಬಿಟ್ಟೆ ನೋಡು! ಒಂದು ಸ್ವಂತ ಮನೆಗೆ ಮುಂಗಡ ಆಗತ್ತೆ."

ಅವಳು ಆಡಿದ ಮಾತು ಅರ್ಥವಾಗಲಿಲ್ಲ ಎಂದಲ್ಲ, ಪ್ರತಿಯೊಂದೂ ಅರ್ಥವಾಯಿತು. ಆ ಚಳಿಗಾಲವಿಡೀ ಈ ದುಡ್ಡು ಅವಳ ಬೀರುವಿನಲ್ಲಿ ತಣ್ಣಗೆ ಕೂತಿತ್ತು. ನಾನು ಕೇಳಿದ ಆರು ತಿಂಗಳು ಅವಳಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ.

"ನಾನು ಕೇಳಿದ್ನಲ್ಲ ಅಕ್ಕ" ಎಂದೆ. "ಕಂತು ಬಿಡು ಅಂತ ಬಾಯಿಬಿಟ್ಟು ಕೇಳಿದ್ನಲ್ಲ."

"ಏನೋ ಮನೆ ಖರ್ಚು ಅಂದ್ಯಲ್ಲೇ. ಕುರ್ಚಿ ಮೇಜೋ, ಬಟ್ಟೆಬರೆಯೋ ಅಂದ್ಕೊಂಡೆ. ಮಧ್ಯದಲ್ಲಿ ಬಿಟ್ರೆ ಗಂಟು ಪೂರ್ತಿ ಆಗಲ್ವಲ್ಲ."

"ಕಣ್ಣು ಹೋದ ಮೇಲೆ ಗೊತ್ತಾಯ್ತಲ್ಲ, ಆಗಲಾದ್ರೂ?"

ಅಕ್ಕನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. "ಹೋದ ಕಣ್ಣು ಬರಲ್ಲ ಅಂತ ನೀನೇ ಅಂದೆ. ಇನ್ನೇನು ಮುಗಿಯೋಕೆ ಬಂದಿತ್ತಲ್ಲ ಪುಟ್ಟಿ. ಪೂರ್ತಿ ಮಾಡಿ ಒಟ್ಟಿಗೇ ಕೊಟ್ರೆ ನೀವು ಎಷ್ಟು ಖುಷಿ ಪಡ್ತೀರಿ ಅಂತ…"

ಅವಳು ಕೆಟ್ಟವಳಾಗಿದ್ದರೆ ಬೈದು ಹೊರಗೆ ಹಾಕಬಹುದಿತ್ತು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಕೈ ಅದು, ನಾಲ್ಕು ವರ್ಷ ನಮಗಾಗಿಯೇ ಕೂಡಿಟ್ಟಿದೆ. ಪ್ರೀತಿಯಿಂದಲೇ ನಮ್ಮ ಬುಡಕ್ಕೆ ಕೊಡಲಿ ಹಾಕಿದವಳಿಗೆ ಏನೆಂದು ಬೈಯುವುದು?

ನಮ್ಮವರು ಮೇಜಿನ ಆಚೆ ಬದಿಯಲ್ಲಿ ಕೂತಿದ್ದರು. ಅಕ್ಕ ದಿಕ್ಕು ತೋಚದೆ ಚೀಲವನ್ನು ಅವರ ಕಡೆಗೆ ತಳ್ಳಿ, "ನೀವಾದ್ರೂ ತಗೊಳ್ಳಿ" ಎಂದಳು. ಅವರು ಕೈ ಚಾಚಿದರು. ಅಂಗೈ ಚೀಲದ ಈಚೆಗೆ, ಬರೀ ಮೇಜಿನ ಮೇಲೆ ಬಿತ್ತು. ಸವರಿಕೊಂಡು ಮುಂದೆ ಹೋಗಿ ಚೀಲವನ್ನು ಹಿಡಿದರು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ, ನಮಗೆ ಇದು ದಿನದ ಪಾಡು. ಅಕ್ಕ ಅದನ್ನು ನೋಡಿದ್ದು ಅದೇ ಮೊದಲು. ಅವಳ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು.

"ಅಕ್ಕ, ಇದನ್ನ ಇಟ್ಕೋತೀವಿ" ಎಂದರು ನಮ್ಮವರು, ಯಾರದೋ ಬೋರ್ಡಿನ ಆರ್ಡರು ತೆಗೆದುಕೊಳ್ಳುವ ದನಿಯಲ್ಲಿ. "ಬಲಗಣ್ಣಿಗೂ ಶುರುವಾಗಿದೆ. ಈ ತಿಂಗಳಲ್ಲೇ ಆಪರೇಷನ್ ಆಗಬೇಕಂತೆ."

ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಇನ್ನೊಂದು ಕಣ್ಣೂನಾ? ಯಾವಾಗಿಂದ? ನನಗೊಂದು ಮಾತು ಹೇಳಬಾರದಿತ್ತೇನೇ ಪುಟ್ಟಿ?"

"ನೀನು ಹೇಳಿದ್ಯಾ?" ಎಂದೆ.

ಅವಳು ಖಾಲಿ ಪರ್ಸನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋಗಿ, "ಬರ್ತೀನಿ ಪುಟ್ಟಿ" ಎಂದು ಹೇಳಿ ನಿಂತಳು. "ಬಾ" ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಅನ್ನುತ್ತ ಬಂದ ಆ ಒಂದು ಮಾತು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು.

ಚೀಲ ಮೇಜಿನ ಮೇಲಿತ್ತು. ಕಿಟಕಿ ತೆಗೆದು, ಅದನ್ನು ಅವಳ ಬೆನ್ನಿಗೆ ಬೀಳುವ ಹಾಗೆ ಬೀದಿಗೆ ಬಿಸಾಡಬೇಕು ಎಂದು ಕೈ ತುರಿಸುತ್ತಿತ್ತು. ಎತ್ತಿಕೊಂಡೆ ಕೂಡ. ಆದರೆ ಬಿಸಾಡಲಿಲ್ಲ, ಅವರ ಒಂದು ಕಣ್ಣು ಇನ್ನೂ ಉಳಿದಿತ್ತು.