ಯಾರು ಕ್ಲಾಕ್ ಕೊಡುವುದು

ಹಳದಿ, ಮತ್ತೆ ಹಳದಿ, ರೌಟರಿನ ದೀಪ ಹಸಿರಾಗಲು ಹೋಗಿ ಮನಸ್ಸು ಬದಲಿಸಿ ಹಳದಿಯಲ್ಲೇ ನಿಲ್ಲುತ್ತದೆ, ಸೇಲಂ ಪೂರ್ತಿ ಬೇಯುವಾಗ ಈ ಕೋಣೆಯಲ್ಲಿ ಯಂತ್ರಗಳಿಗೆ ಮಾತ್ರ ಚಳಿಗಾಲ, ಲೈನಿನ ಸೆಟ್ಟಿಂಗಿನಲ್ಲಿ ಫ್ರೇಮಿಂಗ್ ಸರಿ, ಲೈನ್ ಕೋಡ್ ಸರಿ, ಒಂದೇ ತಂತಿಯಲ್ಲಿ ಮೂವತ್ತು ಜನ ಮಾತಾಡಬಹುದು, ಆದರೂ ಮಾತು ಜಾರುತ್ತಿದೆ, ಪರದೆಯಲ್ಲಿ ಸ್ಲಿಪ್ಪಿನ, ಜಾರಿದ ಚೂರುಗಳ, ಲೆಕ್ಕ ನೋಡಿದಾಗಲೆಲ್ಲ ಬೆಳೆದಿರುತ್ತದೆ — ಫೋನಿನಲ್ಲಿ ಪೂಂಗೊಡಿ, ಓಮಲೂರು ಗಿರಣಿಯ ತುದಿಯಲ್ಲಿ ಇಂಥದೇ ರೌಟರಿನ ಮುಂದೆ ಕೂತವಳು, ತಮಿಳು ಬೆರೆಸಿದ ಕನ್ನಡದಲ್ಲಿ, ಎನ್ನ ಸಾರ್, ನಿಮ್ಮ ಲೈನು ಬದುಕೈತಾ ಸತ್ತೈತಾ, ನಮ್ಮ ಮ್ಯಾನೇಜರು ಹಲೋ ಅಂದ್ರೆ ಅರ್ಧ ಹಲೋ ಓಗ್ತೈತೆ, ಪಾವಂ ಸಾರ್ — ಇರಮ್ಮ, ನೋಡ್ತಿದೀನಿ, ಕಣ್ಣೊಳಗೆ ನೋಡುತ್ತಿರುವುದು ಅಪ್ಪನ ಕಾಲು, ಸಕ್ಕರೆ ಕಾಯಿಲೆಯ ಕಾಲು, ಬಲಗಾಲಿನ ಎರಡು ಬೆರಳು ಕಪ್ಪಾಗಿ, ಮೊನ್ನೆಯೇ ಡಾಕ್ಟರು ಬೆರಳು ತೆಗೆಯಬೇಕು, ಮನೆಯವರು ಒಪ್ಪಿಗೆ ಹೇಳಿ ಅಂದರು, ಅಣ್ಣ ಚೆನ್ನಕೇಶವ, ಆಸ್ಪತ್ರೆಯ ವರಾಂಡದಲ್ಲಿ ನಿಂತು, ಲೇ ವಿಶ್ವ, ನೀ ಓದಿದೋನು, ನೀನೇ ಏಳ್ಬುಡು, ನಾನು, ನೀ ದೊಡ್ಡೋನು, ನೀ ಇರುವಾಗ ನಾನ್ ಏಳದಾ, ನಮ್ಮನೆ ಪದ್ಧತಿ ಹಾಗೆ, ಇನ್ನೊಬ್ಬ ಕೈ ಹಾಕದೆ ತಟ್ಟೆಗೆ ಯಾರೂ ಕೈ ಹಾಕುವುದಿಲ್ಲ, ಅನ್ನ ಆರುತ್ತದೆ, ಅವ್ವ ತಲೆ ಚಚ್ಚಿಕೊಂಡು, ಇಬ್ರೂ ಮರ್ವಾದೇಲೇ ಸಾಯ್ರಿ, ಮಂಚದಿಂದ ಅಪ್ಪ, ಎರಡು ಬೆರಳು ಓದ್ರೆ ಓಗ್ಲಿ, ಮಗ್ಗ ಏನ್ ಎಣಿಸ್ತದೇನ್ಲಾ, ಪಾದ ಒಂದಿದ್ರೆ ತುಳೀತೀನಿ — ಮಗ್ಗದ ಗುಂಡಿಯೊಳಗೆ ಅಪ್ಪ ತುಳಿಯುವ ಎರಡು ಹಲಗೆ, ಎಡಗಾಲು ಒತ್ತಿದರೆ ಬಲದ್ದು ಮೇಲೆ, ಬಲಗಾಲು ಒತ್ತಿದರೆ ಎಡದ್ದು, ನಡುವೆ ಲಾಳಿ ಹಾಯುತ್ತದೆ.

ಸಾರ್, ನೀವು ಕ್ಲಾಕ್ ಎಲ್ಲಿಂದ ಇಟ್ಟಿದೀರಾ, ಲೈನಿಂದ ಅನ್ನುತ್ತೇನೆ, ನೀನೆಲ್ಲಿಂದ, ನಾನೂ ಲೈನಿಂದ್ಲೇ ಸಾರ್, ನೀವು ಹೆಡ್ಡಾಫೀಸು, ನಿಮ್ಮ ಟೈಮಿಗೇ ನಡೆಯಾಣಾಂತ, ಅಯ್ಯೋ, ಎರಡೂ ತುದಿ ಒಂದೇ ತಾಳಕ್ಕೆ ನಡೆಯಬೇಕು, ಆ ತಾಳವೇ ಕ್ಲಾಕು, ಅದನ್ನು ಕೊಡಲು ಈ ಲೈನಿನ ನಡುವೆ ಎಕ್ಸ್‌ಚೇಂಜೇ ಇಲ್ಲ, ಬಾಡಿಗೆಯ ಬರಿ ತಂತಿ, ಒಂದು ತುದಿ ಕೊಡಬೇಕು, ಇನ್ನೊಂದು ತಗೊಳ್ಳಬೇಕು, ಇಬ್ಬರೂ ಕೈ ಚಾಚಿಕೊಂಡು ಕೂತಿದ್ದೇವೆ, ಪೂಂಗೊಡಿ ನಗುತ್ತಾಳೆ, ಅಪ್ಪೋ ಕೊಡೋರ್ ಯಾರು ಸಾರ್, ನಾನು ಟೈಪ್ ಮಾಡುತ್ತೇನೆ, ಕ್ಲಾಕ್ ಇನ್ನು ನಮ್ಮಿಂದಲೇ, ಎಂಟರ್, ಒಂದು ಉಸಿರು, ಹಸಿರು, ಲೆಕ್ಕ ನಿಂತಿತು, ಇಷ್ಟೇ, ಇಷ್ಟಕ್ಕೆ ಬೆಳಗಿಂದ — ಇನ್ನೊಂದು ಫೋನು ಎತ್ತುತ್ತೇನೆ, ವಾರ್ಡು, ಅಣ್ಣನನ್ನು ಕರೀರಿ, ಅವನು ಬಾಯಿ ತೆರೆಯುವ ಮೊದಲೇ, ಅಣ್ಣಾ, ನಾನ್ ಏಳ್ತಾ ಇದೀನಿ, ಬೆರಳು ತೆಗೀಲಿ, ಅತ್ತ ಟ್ರಾಲಿಯ ಚಕ್ರದ ಕಿರುಗುಟ್ಟು, ಆಮೇಲೆ ಅಣ್ಣ, ಬೆರಳು ಮೊನ್ನೆ ಮಾತು ಕಣ್ಲಾ, ಇವತ್ತು ಮೊಣಕಾಲಿಗಂಟ ಅಂತಾವ್ರೆ, ಏಳು, ನೀನೇ ಏಳು, ಸರಿ ಅನ್ನುತ್ತೇನೆ, ಎಷ್ಟು ಚಿಕ್ಕ ಶಬ್ದ, ಡಾಕ್ಟರಿಗೆ ಸರಿ ಅನ್ನು ಅಣ್ಣಾ, ನಾನ್ ಏಳ್ದೆ ಅನ್ನು, ತೆಗೀಲಿ — ಸಾರ್, ಸೂಪರ್ ಸಾರ್, ನಿಮ್ಮ ಉಸಿರೂ ಕೇಳ್ತೈತೆ, ಮೇಜಿನ ಮೇಲಿಟ್ಟ ಫೋನಿನಿಂದ ಪೂಂಗೊಡಿ — ಅಪ್ಪನ ಮಗ್ಗದ ಗುಂಡಿಯೊಳಗೆ ಎರಡು ಹಲಗೆ, ಎಡಗಾಲು ಒತ್ತುತ್ತದೆ, ಬಲದ್ದು ಮೇಲೇಳುತ್ತದೆ, ಮೇಲೆ, ಯಾರೂ ತುಳಿಯದೆ, ಮೇಲೆಯೇ