ಇಬ್ಬರು ಹಂಚಿಕೊಂಡ ಮಾತ್ರೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಳಗ್ಗೆಯಿಂದ ಕೂರಲೂ ಪುರುಸೊತ್ತಿಲ್ಲ. ಒಣಗಿದ ಬೆಡ್‌ಶೀಟನ್ನು ಅಕ್ಕ ಒಂದು ತುದಿ, ತಂಗಿ ಒಂದು ತುದಿ ಹಿಡಿದು ಮಡಚುತ್ತಿದ್ದರು. ಒಡಹುಟ್ಟಿದವರಲ್ಲ, ಒಂದೇ ಮನೆಯ ಸೊಸೆಯರು. ಇಬ್ಬರಿಗೂ ಬಿಪಿ. ಇದ್ದಕ್ಕಿದ್ದಂತೆ ತಂಗಿಯ ಕೈಯಿಂದ ಶೀಟು ಜಾರಿತು. ಗೋಡೆಗೆ ಆನಿಕೊಂಡು ಕುಸಿದಳು.

"ಏನಾಯ್ತೇ?"

"ತಲೆ ಸಿಡೀತಿದೆ ಅಕ್ಕಾ. ಕಣ್ಣೆಲ್ಲಾ ಮಂಜು ಮಂಜು."

ಸಂಶೋಧನಾ ವಿಭಾಗದ ನರ್ಸಮ್ಮ ಆಗಷ್ಟೇ ಅಕ್ಕನನ್ನು ನೋಡಲು ಬಂದಿದ್ದರು. ಹೊಸ ಬಿಪಿ ಮಾತ್ರೆಯೊಂದರ ಪರೀಕ್ಷೆಗೆ ಅಕ್ಕ ಸೇರಿದ್ದಳು. ನರ್ಸಮ್ಮ ತಂಗಿಯ ಬಿಪಿ ನೋಡಿ ಗಾಬರಿಯಾದರು.

"ಮಾತ್ರೆ ತಗೋತಿಲ್ವೇನಮ್ಮಾ?"

"ತಗೋತಿದೀನಲ್ಲ! ಅಕ್ಕನ ಹೊಸ ಮಾತ್ರೆ. ಒಂದಿನ ಅವಳು, ಒಂದಿನ ನಾನು. ನನ್ನ ಹಳೇದು ಬಿಟ್ಬಿಟ್ಟೆ."

ಅಯ್ಯೋ ದೇವರೇ! ನರ್ಸಮ್ಮ ಹಣೆ ಚಚ್ಚಿಕೊಂಡು, ವೀಲ್‌ಚೇರ್ ತರಲು ಕೂಗಿ ಹೇಳಿದರು.

ಅಕ್ಕನಿಗೆ ಸಿಟ್ಟು ಬಂತು. "ಒಳ್ಳೇ ಔಷಧಿ ಸಿಕ್ತು, ನಾನೊಬ್ಬಳೇ ನುಂಗ್ಲಾ? ಸೋಪಿನ ತುಂಡನ್ನೂ ನಾವು ಹಂಚ್ಕೊಂಡೇ ಬಳಸೋದು."

"ಒಳ್ಳೇದು ಅಂತ ಯಾರು ಹೇಳಿದ್ರು?"

"ಇಷ್ಟು ದೊಡ್ಡ ಆಸ್ಪತ್ರೆಯವ್ರು ಕೆಟ್ಟದ್ದು ಕೊಡ್ತಾರಾ? ಡಾಕ್ಟ್ರು ಏನೇನೋ ಹೇಳಿದ್ರು, ತಲೆಬುಡ ಗೊತ್ತಾಗ್ಲಿಲ್ಲ. ಅರ್ಥ ಆಯ್ತಾ ಅಂದ್ರು, ಹ್ಞೂಂ ಅಂದೆ. ಅವ್ರಿಗೂ ಅವಸರ, ನಂಗೂ ಬಟ್ಟೆ ರಾಶಿ."

"ಕೇಳಮ್ಮಾ. ಅದು ಒಳ್ಳೇದೋ ಅಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಅದನ್ನೇ ನೋಡ್ತಿರೋದು. ಸೇರಿದವರಲ್ಲಿ ಅರ್ಧ ಜನಕ್ಕೆ ಕೊಡೋ ಮಾತ್ರೆಯಲ್ಲಿ ಔಷಧಿನೇ ಇರಲ್ಲ. ಯಾರಿಗೆ ಯಾವುದು ಅಂತ ನಂಗೂ ತಿಳೀದು. ಎರಡನ್ನೂ ಹೋಲಿಸಿದ್ರೇನೇ ನಿಜ ಗೊತ್ತಾಗೋದು. ಔಷಧಿ ಇಲ್ಲದ್ದು ಸಿಕ್ಕಿದ್ರೂ ಬಿಪಿ ಏರಬಾರ್ದು ಅಂತ್ಲೇ ನಿನಗೆ ಹಳೇ ಮಾತ್ರೆನೂ ಬಿಡಬೇಡ ಅಂದಿದ್ದು."

"ಅಂದ್ರೆ... ಇವಳು ಇಷ್ಟು ದಿನ ನುಂಗಿದ್ದು ಬರೀ ಹಿಟ್ಟೂ ಆಗಿರಬಹುದಾ?"

"ಆಗಿರಬಹುದು. ನೀನು ಅರ್ಧ ಬಿಟ್ಟಿದ್ದು ತಿಳಿಯದೆ ನಾವು ತಪ್ಪು ಫಲಿತಾಂಶ ಹೇಳಿದ್ರೆ, ನಾಳೆ ಎಷ್ಟೋ ಜನರ ಚಿಕಿತ್ಸೆ ತಪ್ಪುತ್ತೆ."

ಅಕ್ಕ ತಂಗಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. "ಹೀಗೆ ಬಿಡಿಸಿ ಮೊದಲೇ ಹೇಳಬಾರ್ದಿತ್ತಾ ತಾಯಿ?"

"ತಪ್ಪಾಯ್ತಮ್ಮಾ," ಎಂದರು ನರ್ಸಮ್ಮ. ಹೇಳಬೇಕಿತ್ತು. ವೀಲ್‌ಚೇರ್ ಬಂತು, ತಂಗಿಯನ್ನು ಕರೆದೊಯ್ದರು.

ತಂಗಿ ಬದುಕಿದಳು. ಆದರೆ ಲಕ್ವ ಹೊಡೆದ ಬಲಗೈಯ ಹಿಡಿತ ಇನ್ನೂ ಬಂದಿಲ್ಲ. ಅಕ್ಕ ಈಗ ಶೀಟಿನ ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಒಬ್ಬಳೇ ಮಡಚುತ್ತಾಳೆ. ಸಾಕಾಗಿದೆ ಅವಳಿಗೆ.

ಮೊನ್ನೆ ಪರೀಕ್ಷೆಗೆ ಸೇರಿದವರನ್ನೆಲ್ಲ ಮತ್ತೆ ಕರೆಸಿದ್ದರು. ಡಾಕ್ಟರು ನಿಂತುಕೊಂಡೇ ಗಡಿಬಿಡಿಯಲ್ಲಿ ವಿವರಿಸಿ, "ಎಲ್ಲರಿಗೂ ಅರ್ಥ ಆಯ್ತಲ್ಲಾ?" ಎಂದರು. ಎಲ್ಲರೂ ತಲೆಯಾಡಿಸಿದರು.

"ನಂಗಾಗ್ಲಿಲ್ಲ ಸಾರ್," ಎಂದಳು ಅಕ್ಕ. "ನಿಧಾನಕ್ಕೆ ಹೇಳಿ. ಆಮೇಲೆ ನನ್ನ ಮಾತಲ್ಲಿ ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ."

ಡಾಕ್ಟರು ಗಡಿಯಾರ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಓದುತ್ತಿರುವ ಅಮ್ಮಂದಿರೇ, ಅಣ್ಣಂದಿರೇ, ಔಷಧಿಯ ಪರೀಕ್ಷೆಗೆ ಸೇರುವ ಮುನ್ನ ಅದು ಏನು, ಯಾಕೆ, ಅಪಾಯವೇನು ಅಂತ ಕೇಳಿ. ಬೇಡವೆನಿಸಿದರೆ ಬೇಡ ಅನ್ನಿ, ಆ ಹಕ್ಕು ನಿಮ್ಮದು. ಸೇರಿದರೆ ಮಾತ್ರೆಯನ್ನು ಯಾರಿಗೂ ಕೊಡಬೇಡಿ, ಆದದ್ದನ್ನು ಮುಚ್ಚಿಡಬೇಡಿ. ಅರ್ಥವಾಗದೆ ಹ್ಞೂಂ ಅನ್ನಬೇಡಿ. ಸಂಶೋಧನೆ ಮಾಡುವವರೇ, ನಿಮಗೂ ಸುಸ್ತಾಗಿರುತ್ತದೆ, ಗೊತ್ತು. ಆದರೂ ಇನ್ನೊಂದು ಸಲ, ಕೂತು ಹೇಳಿ.