ಬೋರ್ಡು ಓದುವವಳು

ಇವತ್ತು ಯಾಕೆ ಬೋರ್ಡು ಓದುತ್ತಿಲ್ಲ ಎಂದು ಕೇಳಲು ಬಾಯಿ ತೆರೆದಿದ್ದ ಚಂದ್ರಕಾಂತ. ಅಷ್ಟರಲ್ಲಿ ಎದುರಿನ ಬೆಳಕು ಮುಖಕ್ಕೆ ರಾಚಿತು. ರಸ್ತೆ ಮಾಯವಾಯಿತು. ಸ್ಟೀರಿಂಗ್ ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸಿದ. ಒಂದು, ಎರಡು, ಮೂರು. ನಾಲ್ಕಕ್ಕೆ ಮುಂದಿನ ಆಟೋದ ಕೆಂಪು ದೀಪ ಮರಳಿ ಕಂಡಿತು. ಹೋದ ವರ್ಷ ಎರಡಕ್ಕೇ ಕಾಣುತ್ತಿತ್ತು.

ಪಕ್ಕದಲ್ಲಿ ಹೆಂಡತಿ ಸುವರ್ಣಾ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

ಮದುವೆಯಾಗಿ ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದ ಹೊಸದರಲ್ಲಿ ಅವಳಿಗೆ ಒಂದು ಹುಚ್ಚು ಹತ್ತಿತ್ತು. ತೆಲುಗು ಅಕ್ಷರ ನಮ್ಮವೇ, ತಲೆಕಟ್ಟು ಒಂದಿಷ್ಟು ಬೇರೆ ಎಂದು ಕಂಡುಕೊಂಡವಳೇ ದಾರಿಯಲ್ಲಿ ಸಿಕ್ಕ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಹದಿನೆಂಟು ವರ್ಷವಾದರೂ ಬಿಟ್ಟಿರಲಿಲ್ಲ. ನಾಚಾರಂನಲ್ಲಿರುವ ತನ್ನ ಅಕ್ಕ ಉಮಾಬಾಯಿಯ ಮನೆಯಲ್ಲಿ ಸಂಜೆ ಮಕ್ಕಳಿಗೆ ಹಾಡು ಹೇಳಿಕೊಟ್ಟು, ಏಳು ಗಂಟೆಗೆ ಅವನ ಕಾರು ಹತ್ತಿದರೆ ಹಿಮಾಯತ್‌ನಗರದ ಮನೆ ಮುಟ್ಟುವವರೆಗೂ ಓದುವುದೇ. ಮೊದಲು ಅವನಿಗೆ ಕಿರಿಕಿರಿಯಾಗುತ್ತಿತ್ತು. ಕಣ್ಣು ಕೈಕೊಟ್ಟ ಮೇಲೆ ಅದೇ ಆಸರೆಯಾಯಿತು. ಅವಳು ಲಕ್ಷ್ಮೀ ಸ್ವೀಟ್ಸ್ ಅಂದರೆ ಮುಂದೆ ಹಂಪ್ ಇದೆ. ಅಂಬಿಕಾ ಟೈರ್ಸ್ ಅಂದರೆ ಎಡಕ್ಕೆ ತಿರುಗಬೇಕು. ಹೆಂಡತಿಯ ದನಿ ಹಿಡಿದು ಕಾರು ಓಡಿಸುತ್ತಿದ್ದ. ಇದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಕೂಡದು.

ಕಣ್ಣಿನ ಡಾಕ್ಟರು ಎರಡು ಮಾತು ಹೇಳಿದ್ದರು. ಒಂದು, ರಾತ್ರಿ ಗಾಡಿ ಓಡಿಸುವುದನ್ನು ಬಿಡಿ. ಇನ್ನೊಂದು, ಬಿಡಲಾಗದಿದ್ದರೆ ಎದುರಿನ ದೀಪ ನೋಡದೆ ರಸ್ತೆಯ ಎಡಗಡೆಯ ಬಿಳಿ ಗೆರೆ ನೋಡಿ. ಮನೆಯ ದಾರಿಯಲ್ಲಿ ಹಬ್ಸಿಗುಡಾದಿಂದ ವಿದ್ಯಾನಗರದವರೆಗೆ ಆ ಗೆರೆ ಕಂಡ ಪುಣ್ಯಾತ್ಮರು ಯಾರೋ. ಡಾಕ್ಟರ ಚೀಟಿ ಡ್ಯಾಶ್‌ಬೋರ್ಡಿನಲ್ಲಿ, ಇನ್ಶೂರೆನ್ಸ್ ಕಾಗದಗಳ ಅಡಿಯಲ್ಲಿತ್ತು. ಸುವರ್ಣಾಗೆ ತಿಳಿದರೆ ಅಕ್ಕನಿಗೆ ಹೇಳುತ್ತಾಳೆ. ಅಕ್ಕನಿಗೆ ತಿಳಿದರೆ ನಾಚಾರಂನಲ್ಲಿ ತಿಳಿಯದವರು ಯಾರು? ಅವನ ಕೆಲಸವೋ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಹೆಡ್‌ಲೈಟ್ ಬಲ್ಬು ಪರೀಕ್ಷಿಸುವುದು. ಕಣ್ಣು ಕೆಟ್ಟ ಪರೀಕ್ಷಕನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆವತ್ತು ಬೆಳಿಗ್ಗೆಯೂ ಕತ್ತಲೆ ಕೋಣೆಯಲ್ಲಿ ಹೊಸ ಬಲ್ಬು ಹಚ್ಚಿ ನೋಡಿದ್ದ. ಬೆಳಕು ಗೋಡೆಯ ಮೇಲಿನ ಗೆರೆಯ ಕೆಳಗೇ ನಿಲ್ಲಬೇಕು. ಅದು ಗೆರೆ ದಾಟಿ ಸೂರಿನವರೆಗೂ ಚೆಲ್ಲಿತ್ತು.

‘ಇದು ಎದುರಿನವರ ಕಣ್ಣಿಗೆ ಹೊಡೀತದ,’ ಎಂದ.

‘ಎದುರಿನವರು ನಮ್ಮ ಗಿರಾಕಿ ಅಲ್ಲ ಸಾರ್. ಜನಾನಿಕಿ ವೆಲುಗು ಕಾವಾಲಿ,’ ಎಂದ ಮಾಲೀಕ ಮಲ್ಲಣ್ಣ. ಜನಕ್ಕೆ ಬೆಳಕು ಬೇಕು. ಅಲ್ಲ ಎನ್ನುವುದು ಹೇಗೆ? ಚಂದ್ರಕಾಂತ ಪಾಸ್ ಎಂದು ಬರೆದು ಸಹಿ ಹಾಕಿದ. ಸಹಿ ಮಾಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಮಲ್ಲಣ್ಣ ಅದನ್ನು ನೋಡಲಿಲ್ಲ.

ಮಧ್ಯಾಹ್ನ ಆ ಬಲ್ಬುಗಳ ಮಾದರಿ ಕೊಡಲು ವಿದ್ಯಾನಗರದ ಅಂಗಡಿಗೆ ಹೋಗಿದ್ದ. ತಿರುವಿನಲ್ಲಿ ಇಬ್ಬರು ಏಣಿ ಹಾಕಿಕೊಂಡು ಅಂಬಿಕಾ ಟೈರ್ಸ್‌ನ ಬೋರ್ಡನ್ನು ಕೆಳಗಿಳಿಸುತ್ತಿದ್ದರು. ಅಂಗಡಿ ಖಾಲಿಯಾಗಿತ್ತು. ಹಗಲಿನಲ್ಲಿ ಎಲ್ಲ ಎಷ್ಟು ಚೊಕ್ಕ ಕಾಣುತ್ತದೆ ಎಂದುಕೊಂಡ. ಸಂತೋಷವಾಗಲಿಲ್ಲ.

ಮತ್ತೊಂದು ಬೆಳಕು. ಒಂದು, ಎರಡು, ಮೂರು, ನಾಲ್ಕು. ಏನೋ ಮಸುಕಾದದ್ದು ಬಲಗಡೆ ಸರಿದು ಹೋಯಿತು. ಬೈಕೋ, ಮನುಷ್ಯನೋ.

‘ಯಾಕ ಸುಮ್ನ ಕುಂತಿ?’

‘ಮಾತಾಡಬ್ಯಾಡ ಅಂದವರು ನೀವ.’

ಹೌದು, ಅಂದಿದ್ದ. ನಿನ್ನೆ ಸಂಜೆ ಹಿಂದಿನ ಸೀಟಿನಲ್ಲಿ ಸಹೋದ್ಯೋಗಿ ಮಹೇಶಕುಮಾರ ಕೂತಿದ್ದ. ‘ವೈನಿಯವರು ಇನ್ನೂ ಒಂದನೇ ಇಯತ್ತೆ ಓದಾಕತ್ತಾರೇನ್ರಿ?’ ಎಂದು ನಕ್ಕ. ಚಂದ್ರಕಾಂತನೂ ನಕ್ಕ. ನಕ್ಕಿದ್ದು ಸಾಲದೆ, ‘ಸಾಕು ಮಾಡ ಮಾರಾಯ್ತಿ, ನಾಚಿಗಿ ಬರತದ,’ ಎಂದ. ಕೈಯಲ್ಲಿದ್ದ ಊರುಗೋಲನ್ನು ತಾನೇ ಮುರಿದುಕೊಂಡ ಹಾಗಾಗಿತ್ತು.

‘ನಿನ್ನಿ ಮಾತು ಇನ್ನೂ ಹಿಡಕೊಂಡು ಕುಂತೀಯೇನು?’

‘ನಾ ಏನೂ ಹಿಡಕೊಂಡಿಲ್ಲರಿ. ಮುಂದ ನೋಡ್ರಿ.’

ಮುಂದೆ ನೋಡುವುದಕ್ಕೆ ಏನಿತ್ತು? ತಾರ್ನಾಕಾ ದಾಟಿದ ಅಂದಾಜು. ಹಂಪ್ ಬಂತು, ಕಾರು ಎಗರಿತು, ಸುವರ್ಣಾಳ ತಲೆ ಕಿಟಕಿಗೆ ಬಡಿಯಿತು. ಅವಳು ಹಣೆ ಸವರಿಕೊಂಡಳು. ಅವನಿಗೆ ಭಯವಾಯಿತು. ಈಕೆಯನ್ನು ಕೊಲ್ಲುತ್ತೇನೆ ಎನಿಸಿತು. ಪಕ್ಕಕ್ಕೆ ನಿಲ್ಲಿಸಿ, ನನಗೆ ಕಾಣುವುದಿಲ್ಲ ಎಂದರೆ ಮುಗಿಯಿತು. ಎರಡು ಪದದ ಮಾತು. ಕಾರು ನಿಲ್ಲಿಸಲಿಲ್ಲ.

‘ಓದು,’ ಎಂದ.

‘ಏನ?’

‘ಬೋರ್ಡು.’

‘ಯಾಕ?’

‘ನಿನ್ನ ದನಿ ಇಲ್ಲಂದ್ರ ದಾರಿ ಸಾಗವಲ್ದು.’

ಸತ್ಯಕ್ಕೆ ಇಷ್ಟು ಹತ್ತಿರದ ಸುಳ್ಳನ್ನು ಅವನು ಎಂದೂ ಹೇಳಿರಲಿಲ್ಲ. ಸುವರ್ಣಾ ಸಣ್ಣಗೆ ನಕ್ಕಳು. ‘ಇಲ್ಲು ಅದ್ದೆಕು,’ ಎಂದಳು, ‘ಮನಿ ಬಾಡಿಗಿಗೆ ಐತಂತ. ಪಾತ ಇನುಮು ಕೊನಬಡುನು, ಹಳೇ ಕಬ್ಬಿಣ ತಗೋತಾರಂತ. ಶ್ರೀನಿವಾಸ ಮೆಡಿಕಲ್ಸ್.’ ಅವಳ ದನಿ ಬಿಸಿಬಿಸಿಯಾಗಿ ಕಾರು ತುಂಬಿತು. ಅವನ ಹೆಗಲು ಸಡಿಲಾಯಿತು. ಬೆಳಕುಗಳು ಬಂದವು, ಹೋದವು. ಎಣಿಸುವುದನ್ನು ಬಿಟ್ಟ.

‘ಅಂಬಿಕಾ ಟೈರ್ಸ್,’ ಎಂದಳು.

ಎಡಕ್ಕೆ ತಿರುಗಿಸಿದ ಕೈ ಅರ್ಧದಲ್ಲೇ ನಿಂತಿತು. ಏಣಿ ನೆನಪಾಯಿತು. ಮಧ್ಯಾಹ್ನವೇ ಇಳಿಸಿದ ಬೋರ್ಡನ್ನು ಇವಳು ಎಲ್ಲಿ ಓದಿದಳು? ಬ್ರೇಕ್ ಒತ್ತಿದ. ಕಾರು ತಿರುವಿನ ನಡುವೆ ನಿಂತಿತು. ಎದುರಿನಿಂದ ಬರುತ್ತಿದ್ದ ಲಾರಿಯ ಬೆಳಕು ಒಳಗೆಲ್ಲ ತುಂಬಿತು. ಆ ಬೆಳಕಿಗೆ ಬೆನ್ನು ಮಾಡಿ ಹೆಂಡತಿಯ ಕಡೆ ತಿರುಗಿದ.

ಸುವರ್ಣಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

‘ಯಾಕ ನಿಂದರಿಸಿದ್ರಿ?’ ಎಂದಳು, ಕಣ್ಣು ತೆರೆಯದೆ.

‘ಕಣ್ಣು ಮುಚ್ಚೀಯಲ್ಲ.’

‘ಬೆಳಕು ಭಾಳ ಬಡೀತೈತಿರಿ. ಸಂಜಿ ಮುಂದ ನಾ ಯಾವಾಗಲೂ ಮುಚ್ಚತೀನಿ. ಬೋರ್ಡೆಲ್ಲ ಬಾಯಿಪಾಠ ಆಗ್ಯಾವ.’

‘ಯಾವಾಗಿಂದ?’

‘ನೆಪ್ಪಿಲ್ಲ. ನೀವು ನೋಡಾಕತ್ತೀರಲ್ಲ, ಮತ್ತ್ಯಾಕ ಚಿಂತಿ?’

ಹಿಂದಿನಿಂದ ಹಾರನ್ನುಗಳು ಒಂದರ ಮೇಲೊಂದು ಶುರುವಾದವು. ಎದುರಿನ ಲಾರಿಯವನು ಒಂದು ಕೈಯಿಂದ ತನ್ನ ಕಣ್ಣು ಮರೆಮಾಡಿಕೊಂಡು, ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಹಾಕಿ, ನಿನ್ನ ಲೈಟು ಇಳಿಸು ಎಂದು ಬೈಯುತ್ತಿದ್ದ. ಚಂದ್ರಕಾಂತನ ಕಾರಿನಲ್ಲಿದ್ದದ್ದೂ ಅವನೇ ಪಾಸ್ ಮಾಡಿದ ಬಲ್ಬು.

ಸುವರ್ಣಾ ಮುಂದಿನ ಬೋರ್ಡು ಓದಿದಳು. ಅವನು ಬ್ರೇಕಿನಿಂದ ಕಾಲು ತೆಗೆದ.